ಇಲ್ಲದ ಅಕ್ಕನ ಸಹಿ

ಕುಮಟಾ ಕೋರ್ಟಿನ ಎದುರು ನಾನು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಕಾಲದಲ್ಲಿ ನನ್ನ ತಲೆ ತಿಂದವರ ಪೈಕಿ ಮೊದಲ ಸ್ಥಾನ ಹೊಳನಗದ್ದೆಯ ಮಂಗಲಕ್ಕನಿಗೆ. ಪಾಪ, ತಪ್ಪು ಅವಳದಲ್ಲ. ಆದರೂ ತಿಂದಳು.

ಎರಡು ಸಾವಿರದ ಏಳನೇ ಇಸವಿ ಇರಬೇಕು. ಬೆಳಿಗ್ಗೆ ಮನೆ ಮನೆಗೆ ಮೀನು ಮಾರಿ, ಖಾಲಿ ಬುಟ್ಟಿಯನ್ನು ನನ್ನ ಬೈಗುಳಕ್ಕೆ ಹೆದರಿ ಹೊರಗಿಟ್ಟು, ಒಳಗೆ ಬಂದು ಕೂರುತ್ತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಅಪ್ಪ ಅವ್ವಿಯನ್ನು ಕೊನೆತನಕ ನೋಡಿಕೊಂಡವಳೂ ಅವಳೇ. ಅವರಿಬ್ಬರೂ ಹೋದದ್ದೇ ತಡ, ಗೋವಾದಲ್ಲಿ ಬೋಟಿನ ಕೆಲಸಕ್ಕಿದ್ದ ತಮ್ಮ ದುರ್ಗ ಬಂದು, ಮನೆ ಮಾರುತ್ತೇನೆ, ನೀನು ಎಲ್ಲಾದರೂ ಜಾಗ ನೋಡಿಕೋ ಎಂದನಂತೆ. ಅವಳಿಗೆ ಬೇರೆ ಜಾಗ ಎಲ್ಲಿತ್ತು? ಅಪ್ಪನ ಮನೆಯ ದಾಖಲೆಗೆ ತನ್ನ ಹೆಸರೂ ಸೇರಬೇಕು, ಅಷ್ಟೇ ಅವಳ ಬೇಡಿಕೆ.

ಅರ್ಜಿ ನಮೂನೆ ಮಾಡುವುದರಲ್ಲಿ ನನಗೆ ಕೋರ್ಟ್ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಖಾಲಿ ಜಾಗ ಬಿಟ್ಟು, ಉಳಿದದ್ದನ್ನು ಯಾರೂ ತಿದ್ದದಂತೆ ಬೀಗ ಹಾಕಿ ಇಡುತ್ತಿದ್ದೆ. ಹೆಸರು, ಊರು ತುಂಬಿದರೆ ಆಯಿತು. ಆಗಷ್ಟೇ ನನಗೊಂದು ವೆಬ್‌ಸೈಟ್ ಸಿಕ್ಕಿತ್ತು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟರೆ ವಾರಸುದಾರರ ಅರ್ಜಿಯನ್ನು ಅದೇ ಸಿದ್ಧ ಮಾಡಿಕೊಡುತ್ತಿತ್ತು. ಮಂಗಲಕ್ಕನ ಕೆಲಸ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತದೆ ಎಂದುಕೊಂಡು ಅವಳು ತಂದ ವಂಶವೃಕ್ಷ ಬಿಡಿಸಿದೆ. ಅದರಲ್ಲಿ ಮೂವರು ಮಕ್ಕಳು: ಗಣಪಿ, ಮಂಗಲಾ, ದುರ್ಗ.

ಗಣಪಿ ಯಾರು ಎಂದು ಕೇಳಿದೆ. ನಾನೇಯ ಎಂದಳು. ಹಾಗಾದರೆ ಮಂಗಲಾ? ಅದೂ ನಾನೇಯ.

ಅವರ ಜನರಲ್ಲಿ ಮದುವೆಯ ದಿನ ಹುಡುಗಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರ ಮೇಲೆ ಹೆಸರು ಬರೆದರೆ ಮುಗಿಯಿತು. ಗಣಪಿ ಅಂದಿನಿಂದ ಮಂಗಲಾ. ರೇಶನ್ ಕಾರ್ಡು, ಚುನಾವಣಾ ಚೀಟಿ ಎಲ್ಲದರಲ್ಲೂ ಮಂಗಲಾ. ಶಾಲೆಯ ಮೆಟ್ಟಿಲು ಹತ್ತದವಳಾದ್ದರಿಂದ ಗಣಪಿ ಎಂಬುದಕ್ಕೆ ಒಂದು ಚೂರು ಕಾಗದವೂ ಇಲ್ಲ. ಅಪ್ಪ ಸತ್ತ ಮೇಲೆ ವಂಶವೃಕ್ಷ ಬರೆಯುವಾಗ ಅವ್ವಿ ಗಣಪಿ ಎಂದಳಂತೆ, ನೆರೆಯವರು ಮಂಗಲಾ ಎಂದರಂತೆ. ಬರೆಯಲು ಬಂದ ಪುಣ್ಯಾತ್ಮ ಯಾರಿಗೂ ಬೇಸರವಾಗದಂತೆ ಎರಡನ್ನೂ ಬರೆದುಕೊಂಡು ಹೋಗಿದ್ದ.

ವೆಬ್‌ಸೈಟಿಗೆ ಇದನ್ನು ಹೇಗೆ ತಿಳಿಸುವುದು? ಪ್ರತಿ ವಾರಸುದಾರರಿಗೂ ಬೇರೆ ಬೇರೆ ಗುರುತಿನ ಚೀಟಿಯ ಸಂಖ್ಯೆ ಬೇಕು. ಗಣಪಿಗೂ ಮಂಗಲಾಗೂ ಒಂದೇ ಸಂಖ್ಯೆ ಕೊಟ್ಟರೆ ಕೆಂಪು ಅಕ್ಷರದಲ್ಲಿ ಗದರುತ್ತದೆ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಗಣಪಿಯನ್ನು ಬಿಟ್ಟೇ ಅರ್ಜಿ ಮಾಡಿ ಪಂಚಾಯ್ತಿ ಕಚೇರಿಗೆ ಕಳಿಸಿದರೆ, ವಂಶವೃಕ್ಷದಲ್ಲಿರುವ ಇನ್ನೊಬ್ಬ ಅಕ್ಕನ ಸಹಿ ತನ್ನಿ ಎಂದು ವಾಪಸು ಕಳಿಸಿದರು. ನಡುವೆ ಕರೆಂಟು ಹೋಗಿ ತುಂಬಿದ್ದೆಲ್ಲ ಅಳಿಸಿಹೋಗುವುದು ಬೇರೆ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮಂಗಲಕ್ಕ ಮಾತ್ರ ಪಕ್ಕದಲ್ಲಿ ಕೂತು, "ಎಂತ ಹೇಳ್ತದೆ ಅದು?" ಎಂದು ತಣ್ಣಗೆ ಕೇಳುತ್ತಿದ್ದಳು.

ಉಚಿತ ಕಾನೂನು ನೆರವು ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಲ್ಲ ಅಮೆರಿಕದ್ದೇ. ನಿಮ್ಮ ರಾಜ್ಯ ಆರಿಸಿ ಎಂದಿತು. ಪಟ್ಟಿಯಲ್ಲಿ ನಮ್ಮ ರಾಜ್ಯವೇ ಇಲ್ಲ. ಹಟಕ್ಕೆ ಬಿದ್ದು ಕುಮಟಾದ ಪಿನ್ ಕೋಡ್ ಒತ್ತಿದೆ. ಅಂಥ ಊರೇ ಇಲ್ಲ ಎಂದಿತು. ಹಾಳಾಗಿ ಹೋಗು ಎಂದು ಹೊರಗೆ ಬಂದು ನಿಂತರೆ, ಎದುರಿನ ಕೋರ್ಟ್ ಗೋಡೆಯ ಮೇಲಿದ್ದ ಯಾರದೋ ಶುಭಾಶಯದ ಬ್ಯಾನರನ್ನು ಬಿಚ್ಚುತ್ತಿದ್ದರು. ಅದರ ಹಿಂದಿನ ಬೋರ್ಡಿನಲ್ಲಿ ಇತ್ತು: ಉಚಿತ ಕಾನೂನು ನೆರವು. ಹೆಂಗಸರಿಗೆ ಆದಾಯದ ದಾಖಲೆಯೂ ಬೇಡ. ಆ ಬ್ಯಾನರ್ ಕಟ್ಟಿದವನು ಆಗ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಅಲ್ಲಿ ಕೊಟ್ಟ ವಕೀಲೆ ಧನ್ಯಾ, ಚಿಕ್ಕ ವಯಸ್ಸಿನವಳು. ಕತೆ ಕೇಳಿ ಮೊದಲು ನಕ್ಕಳು, ಆಮೇಲೆ ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲೇ, ಎರಡೂ ಹೆಸರು ಹಾಕಿ ಕೋರ್ಟಿಗೆ ಅರ್ಜಿ ಬರೆದಳು. ದುರ್ಗನಿಗೆ ನೋಟಿಸು ಹೋಯಿತು. ಅವನು ಕೊಟ್ಟ ಉತ್ತರ ನೋಡಿ ಧನ್ಯಾಳ ನಗೆಯೂ ನಿಂತಿತು. ನನ್ನ ಅಕ್ಕ ಗಣಪಿ ಒಬ್ಬಳೇ, ಮದುವೆಯಾಗಿ ಹೋದವಳು ಎಲ್ಲಿದ್ದಾಳೋ ತಿಳಿಯದು; ಈ ಮಂಗಲಾ ನಮ್ಮ ತಾಯಿಯನ್ನು ನೋಡಿಕೊಳ್ಳಲು ಬಂದು ಮನೆಯಲ್ಲೇ ಕೂತ ಹೆಂಗಸು ಎಂದು ಬರೆಸಿದ್ದ. ಇಂಥ ಮಾತು ಬರೆಸಲು ಅವನಿಗೆ ನಾಲಿಗೆ ಹೇಗೆ ಹೊರಳಿತು? ಅಕ್ಕ ತಮ್ಮನ ಜಗಳದಲ್ಲಿ ನಮಗೇನು ಕೆಲಸ ಎಂದು ಊರವರೂ ಸಾಕ್ಷಿಗೆ ಬರಲಿಲ್ಲ.

ವಿಚಾರಣೆಯ ದಿನ ಮಂಗಲಕ್ಕ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಮುಂದಿನ ಬೆಂಚಿನಲ್ಲಿ ದುರ್ಗ. ಜವಾನ ಗಟ್ಟಿಯಾಗಿ "ಗಣಪಿ" ಎಂದು ಕೂಗಿದ. ಇವಳು ಮಿಸುಕಲಿಲ್ಲ. ಗಣಪಿ ಎಂದು ಕೂಗಿದರೆ ಏಳಬೇಕು ಎಂದು ಧನ್ಯಾ ಎಷ್ಟು ಹೇಳಿಕೊಟ್ಟಿದ್ದಳು, ನಾನೆಷ್ಟು ಹೇಳಿದ್ದೆ! ಎದ್ದು ನಿಲ್ಲು ಎಂದು ಅವಳ ತೋಳು ಹಿಡಿಯುವಷ್ಟರಲ್ಲಿ ಮುಂದಿನ ಬೆಂಚಿನಿಂದ ದುರ್ಗ ತಿರುಗಿದ. ತಿರುಗಿ ನೇರವಾಗಿ ಅವಳನ್ನೇ ನೋಡಿದ.

ನ್ಯಾಯಾಧೀಶರೂ ಅದನ್ನು ಕಂಡರು. "ಗಣಪಿ ಅಂದ ಕೂಡಲೆ ಯಾರನ್ನು ನೋಡಿದೆಯಪ್ಪಾ?" ಎಂದು ಕೇಳಿದರು.

ದುರ್ಗನ ವಕೀಲರು ಏನೋ ಹೇಳಲು ಎದ್ದರು. ಅಷ್ಟರಲ್ಲಿ ದುರ್ಗ ತಲೆ ತಗ್ಗಿಸಿ ಎದ್ದು ನಿಂತು, "ನಮ್ಮಕ್ಕನ್ನ" ಎಂದ.

ಉಳಿದದ್ದು ಬೇಗ ಮುಗಿಯಿತು. ಎರಡು ಹೆಸರೂ ಒಬ್ಬಳದೇ ಎಂದಾಯಿತು. ಮನೆ ಇಬ್ಬರದು, ಅವಳ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದೂ ಆಯಿತು. ದುರ್ಗ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೋದ.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಮಾರಾಯ್ತಿ, ನಿನ್ನ ಹೆಸ್ರೇ ಕರೆದ್ರೆ ಏಳೂಕೆ ಎಂತ ಆಗಿತ್ತು ನಿಂಗೆ?" ಎಂದು ರೇಗಿದೆ.

ಅವಳು ತಮ್ಮ ಹೋದ ದಾರಿಯನ್ನೇ ನೋಡುತ್ತಿದ್ದಳು.

"ಬೇರೆಯವ್ರ ಬಾಯಲ್ಲಿ ಆ ಹೆಸ್ರು ಕೇಳಿ ನಂಗೆ ಅಭ್ಯಾಸ ಇಲ್ಲ. ಅವ್ವಿ ಹೋದ ಮೇಲೆ ಗಣಪಕ್ಕ ಅಂತ ಕರೆಯೂಕೆ ಅವ್ನೊಬ್ನೇ ಇದ್ದ" ಎಂದಳು. "ಇನ್ನು ಅವ್ನೂ ಕರೆಯೂದಿಲ್ಲ."