ಅಗತ್ತಿಯಿಂದ ಲೇಹ್‌ಗೆ ಮೂರೂಮುಕ್ಕಾಲು ಗಂಟೆ

ಲಕ್ಷದ್ವೀಪದ ಅಗತ್ತಿಯಿಂದ ಲಡಾಖಿನ ಲೇಹ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು? ನನ್ನನ್ನು ಕೇಳಿ. ಸುಮಾರು ಎರಡು ಸಾವಿರದ ಆರುನೂರೈವತ್ತು ಕಿಲೋಮೀಟರ್, ಮೂರೂಮುಕ್ಕಾಲು ಗಂಟೆ. ಒಂದು ವೆಬ್‌ಸೈಟ್ ಹಾಗೆ ಹೇಳಿತು. ನಾನು ನಂಬಿದೆ.

ನನ್ನ ತಂಗಿ ನಳಿನಿ ತ್ಯಾಗರಾಜನಗರದ ವಾಕಿಂಗ್ ಗ್ರೂಪಿನ ಜೊತೆ ಲೇಹ್ ಟೂರ್ ಹೋಗಿದ್ದಳು. ಹನ್ನೊಂದು ಜನ ಸೀನಿಯರ್ ಸಿಟಿಜನ್ಸ್, ಒಬ್ಬ ಅಡುಗೆಯವನು, ಎರಡು ಡಬ್ಬ ಚಟ್ನಿಪುಡಿ. (ನನ್ನ ಹಾರ್ಟಿಗೆ ಅಷ್ಟು ಎತ್ತರ ಆಗದು ಎಂದು ಡಾಕ್ಟರ್ ತಡೆದಿದ್ದರು.) ಹೊರಡುವ ಮುಂಚೆ ಹೊಸ ಸ್ವೆಟರ್ ಹಾಕಿಕೊಂಡು ಬಂದು, ಜಯನಗರದ ಸೆಕೆಯಲ್ಲಿ ನನ್ನ ಮುಂದೆ ಒಂದು ಸುತ್ತು ತಿರುಗಿದ್ದಳು. ಸ್ಕೂಲ್ ಯೂನಿಫಾರ್ಮ್ ಹೊಸದಾಗಿ ಬಂದಾಗ ತಿರುಗುತ್ತಿದ್ದ ಹಾಗೆಯೇ.

ಸೋಮವಾರ ಬೆಳಿಗ್ಗೆ ಗ್ರೂಪಿನವರ ಫೋನ್. ನಳಿನಿಗೆ ಉಸಿರಾಟದ ತೊಂದರೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಮಗಳನ್ನು ಕೇಳುತ್ತಿದ್ದಾರೆ ಎಂದರು.

ಮಗಳು ವಸುಧಾ ಅಗತ್ತಿಯಲ್ಲಿ ಟೀಚರ್. ನಮ್ಮ ಮನೆಗಳಲ್ಲಿ ಪ್ರಯಾಣದ ಮಾತೆದ್ದರೆ ಎಲ್ಲರೂ ನನ್ನನ್ನೇ ಕೇಳುವುದು. ಟ್ಯಾಬ್ಲೆಟ್ ಇರುವುದು ನನ್ನ ಹತ್ತಿರ. ಕಾನ್ವೆಂಟಿನಲ್ಲಿ ಜಿಯಾಗ್ರಫಿ ಪ್ರೈಜ್ ಬಂದದ್ದೂ ನನಗೇ! ಮಧ್ಯಾಹ್ನದ ವಿಮಾನಕ್ಕೆ ಸೀಟಿದೆ, ಆದರೆ ನಾಳೆ ಬೆಳಿಗ್ಗೆ ಸ್ಕೂಲ್ ಇನ್‌ಸ್ಪೆಕ್ಷನ್, ಎಲ್ಲ ಬಿಟ್ಟು ಓಡಲೇ ಎಂದು ಅವಳು ಫೋನಿನಲ್ಲಿ ಕೇಳಿದಳು.

ಕನ್ನಡಕ ಹಾಕಿಕೊಂಡು ಎರಡೂ ಊರಿನ ಹೆಸರು ಟೈಪ್ ಮಾಡಿದೆ. ನೀಟಾಗಿ ಉತ್ತರ ಬಂತು, ಮ್ಯಾಪಿನ ಮೇಲೊಂದು ನೀಲಿ ಗೆರೆ ಸಮೇತ.

"ಮೂರೂಮುಕ್ಕಾಲು ಗಂಟೆ ಅಷ್ಟೇ ಕಣೆ ವಸೂ. ಇನ್‌ಸ್ಪೆಕ್ಷನ್ ಮುಗಿಸ್ಕೊಂಡು ನಾಳೆ ಹೊರಡು."

"ಕೊಚ್ಚಿ, ದಿಲ್ಲಿ ಎರಡು ಕಡೆ ಇಳೀಬೇಕಲ್ವಾ ದೊಡ್ಡಮ್ಮ?"

"ಇಳಿದು ಹತ್ತೋಕೆ ಎಷ್ಟು ಹೊತ್ತು?"

ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸುವಷ್ಟು ಎಂದುಕೊಂಡಿದ್ದೆ. ಅವಳು ಒಪ್ಪಿದಳು. ಹೆದರಿದವರು ಸಮಾಧಾನವನ್ನೇ ನಂಬುವುದು, ಅಲ್ಲವೇ?

ಬನಶಂಕರಿಗೆ ಹನ್ನೆರಡು ನಿಮಿಷ ಎಂದು ಫೋನ್ ತೋರಿಸಿದರೆ ನಾನೇ ನಕ್ಕುಬಿಡುತ್ತೇನೆ. ಈ ರಸ್ತೆಗಳ ಬಗ್ಗೆ ನನಗೆ ಅಷ್ಟು ಗೊತ್ತು. ಕಂಡೇ ಇಲ್ಲದ ಎರಡು ಊರುಗಳ ವಿಷಯದಲ್ಲಿ ಮಾತ್ರ ಅನುಮಾನ ಬರಲಿಲ್ಲ. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದದ್ದು ಸುಳ್ಳಿರಲಾರದು ಎಂಬುದು ನಮ್ಮಂಥ ಕಾನ್ವೆಂಟ್ ಹುಡುಗಿಯರ ಮೂಢನಂಬಿಕೆ. ವೆಬ್‌ಸೈಟ್ ಸುಳ್ಳೇನೂ ಹೇಳಿರಲಿಲ್ಲ, ಪಾಪ. ಎರಡು ಚುಕ್ಕೆಗಳ ನಡುವೆ ಗೆರೆ ಎಳೆದಿತ್ತು. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ, ಅಷ್ಟೇ.

ಮಂಗಳವಾರ ಗಾಳಿ ಮಳೆಗೆ ದ್ವೀಪದ ವಿಮಾನ ಕ್ಯಾನ್ಸಲ್. ಅವತ್ತು ನಳಿನಿ ಎದ್ದು ಕೂತು ಗಂಜಿ ಕುಡಿದು ನನಗೆ ಫೋನ್ ಮಾಡಿಸಿದಳು. ಒಂದೇ ಮಾತು: "ಹೊರಟ್ಲಾ?" ಹೊರಟಿದ್ದಾಳೆ ಎಂದೆ. ಬುಧವಾರ ಸಂಜೆ ನಳಿನಿ ತೀರಿಕೊಂಡಳು. ವಸುಧಾ ಆಗ ಕೊಚ್ಚಿಯ ಏರ್‌ಪೋರ್ಟಿನಲ್ಲಿ ದಿಲ್ಲಿ ವಿಮಾನಕ್ಕೆ ಕಾಯುತ್ತಿದ್ದಳು.

ಹೋದ ವಾರ ಮನೆಗೆ ಬಂದಿದ್ದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಲೋಟ ಕೆಳಗಿಟ್ಟು, "ಸೋಮವಾರಾನೇ ಹೊರಟಿದ್ರೆ ಅಮ್ಮ ಸಿಗ್ತಿದ್ರಾ ದೊಡ್ಡಮ್ಮ?" ಎಂದು ಕೇಳಿದಳು.

"ಇಲ್ಲ ಕಣೆ. ಆಗ್ಲೂ ಲೇಟಾಗ್ತಿತ್ತು."

ತಲೆಯಾಡಿಸಿ ಹೋದಳು. ಆಮೇಲೆ ನಾನು ಒಬ್ಬಳೇ ಕೂತು, ಈ ಸಲ ನಿಜವಾದ ವಿಮಾನಗಳ ಟೈಮಿಂಗ್ ನೋಡಿದೆ. ಸೋಮವಾರ ಸಂಜೆಗೆ ಕೊಚ್ಚಿ, ರಾತ್ರಿಗೆ ದಿಲ್ಲಿ, ಮಂಗಳವಾರ ಬೆಳಿಗ್ಗೆ ಲೇಹ್.

ವಸೂ, ನೀನು ಪ್ರತಿ ವಾರ ನನ್ನ ಈ ಅಂಕಣ ಓದುತ್ತೀಯ. ಎದುರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಸಿಗುತ್ತಿದ್ದಳು ಕಣೆ.