ಆ ಮೇಡಂ ನಗಲಿಲ್ಲ, ಮಾದೇವಿ

ಆವತ್ತು ನಾನು ಹೇಳಿದ್ದು ಸುಳ್ಳು, ಮಾದೇವಿ. ನಿನ್ನ ಅಂಕ ಕೇಳಿ ಕಾಲೇಜಿನ ಮೇಡಂ ನಕ್ಕುಬಿಟ್ಟರು ಎಂದೆನಲ್ಲ — ಅವರು ನಗಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕೈಯಡುಗೆ ಉಂಡಿದ್ದೇನೆ, ನಿನ್ನಿಂದ ಅರಿಶಿನ ಕುಂಕುಮ ತೆಗೆದುಕೊಂಡಿದ್ದೇನೆ. ನಾಚಿಕೆಯಾಗಿತ್ತೇ ಎಂದರೆ, ಇಲ್ಲ. ಆಗಲಿಲ್ಲ.

ನೀನು ನನ್ನ ಗಂಡನ ಒಬ್ಬಳೇ ತಂಗಿ. ಆಗಷ್ಟೇ ಪಿಯುಸಿ ಪಾಸಾಗಿತ್ತು. ಕೊಳ್ಳೇಗಾಲದ ಕಮ್ಯುನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಸರ್ಟಿಫಿಕೇಟ್ ಕೋರ್ಸ್ ಮಾಡುತ್ತೇನೆಂದು ನೀನು ನಿನ್ನಪ್ಪನ, ನನ್ನ ಮಾವನ, ಬೆನ್ನು ಬಿದ್ದಿದ್ದೆ. ಹೋಗುವ ದುಡ್ಡೆಷ್ಟು, ಬರುವ ದುಡ್ಡೆಷ್ಟು, ಮೊದಲು ವಿಚಾರಿಸಿ ಎಂದರು ಮಾವ. ನೀನೇ ಹೋಗಬೇಕಿತ್ತು. ಆದರೆ ಹುಳದ ಮನೆಯಲ್ಲಿ ರೇಷ್ಮೆಹುಳು ಪೊರೆ ಕಳಚಿ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಮೇಯುವ ಹೊತ್ತು. ಸೊಪ್ಪು ಹಾಕುವ ಕೈ ಆ ದಿನಗಳಲ್ಲಿ ಬಸ್ಸು, ಸಂತೆ ಎಂದು ಹೊರಗೆ ಬೆರೆಯಬಾರದು. ಹುಳಕ್ಕೆ ರೋಗ ತಗುಲಿ ಬೆಳೆಯೇ ಕೊಳೆತುಹೋಗುತ್ತದೆ. ನಮ್ಮ ಮನೆಯಲ್ಲಿ ಸೊಪ್ಪು ಹಾಕುವ ಕೈ ನಿನ್ನದು. ಹಾಗಾಗಿ ನನ್ನನ್ನು ಕಳಿಸಿದರು.

"ಅತ್ಗೆ, ಎಲ್ಲಾನೂ ಸರ್ಯಾಗಿ ಕೇಳ್ಕಂಡು ಬಾ. ಮುಗುಸುದ್ರೆ ಯಾನ ಕೆಲ್ಸ ಸಿಕ್ಕದು, ಎಷ್ಟು ಕೊಟ್ಟಾರು ಅಂತವ," ಎಂದು ಹುಳದ ಮನೆಯ ಬಾಗಿಲಲ್ಲೇ ನಿಂತು ನಿನ್ನ ಅಂಕಪಟ್ಟಿ ಕೊಟ್ಟೆ.

ಆ ಮೇಡಂ ಕೂರಿಸಿ, ಬಿಡಿಸಿ ಹೇಳಿದರು. ಫೀಸನ್ನು ಕಂತಿನಲ್ಲಿ ಕಟ್ಟಬಹುದು, ಗೂಡಿನ ಒಂದು ಬೆಳೆಯ ದುಡ್ಡಿನಲ್ಲಿ ಅದು ತೀರಿ ಇನ್ನೂ ಮಿಗುತ್ತಿತ್ತು. ಕಲಿತ ಹುಡುಗಿಯರು ಪಂಚಾಯಿತಿಯಲ್ಲಿದ್ದಾರೆ, ನರ್ಸಿಂಗ್ ಹೋಮಿನಲ್ಲಿ ಬಿಲ್ಲು ಮಾಡುತ್ತಿದ್ದಾರೆ ಎಂದರು. ಮೊದಮೊದಲು ಸಂಬಳ ಕಡಿಮೆ, ಅದನ್ನೂ ಮುಚ್ಚಿಡಲಿಲ್ಲ. ಆದರೆ ತಿಂಗಳು ತಿಂಗಳು ಬರುವ ದುಡ್ಡು — ಹುಳು ಬದುಕಲಿ, ಸಾಯಲಿ.

ವಾಪಸು ಬರುವಾಗ ಬಸ್ಸಿನಲ್ಲಿ ತೂಗಿ ನೋಡಿದೆ. ಹೇಗೆ ತೂಗಿದರೂ ನಿನಗೆ ಲಾಭವೇ. ಆಮೇಲೆ ನನ್ನದನ್ನು ತೂಗಿದೆ. ನೀನು ಹೋದರೆ ಸೊಪ್ಪು ಕೊಯ್ಯುವವಳು ಯಾರು? ಕಂಕುಳಲ್ಲಿ ಮಗು ಇರುವ ನಾನು. ಇಷ್ಟೇ ಆಗಿದ್ದರೆ — ಇಲ್ಲ, ಪೂರ್ತಿ ಹೇಳುತ್ತೇನೆ. ನಾನೂ ಪಿಯುಸಿ ಪಾಸಾದವಳು. ಮದುವೆಯಾದ ಹೊಸತರಲ್ಲಿ ಮುಂದೆ ಓದುತ್ತೇನೆ ಎಂದಾಗ ಇದೇ ಮಾವ, "ಓದಿದ್ದು ಸಾಕು, ಸೊಪ್ಪು ಕುಯ್ಯಿ ಓಗವ್ವ" ಅಂದಿದ್ದರು. ನನಗೆ ಸಿಗದ್ದು ನಿನಗೇಕೆ ಸಿಗಬೇಕು? ಊರು ಬರುವಷ್ಟರಲ್ಲಿ ನಿನ್ನನ್ನು ಮುಗಿಸಿಬಿಡುವುದೆಂದು ನಿರ್ಧರಿಸಿದ್ದೆ.

ಜಗಲಿಯಲ್ಲಿ ಕೂತು ಮಾವನಿಗೆ ಬರೀ ಖರ್ಚು ಹೇಳಿದೆ. ಫೀಸು, ಬಸ್ಸು, ಮಧ್ಯಾಹ್ನದ ಊಟ, ನಿನ್ನ ಬದಲಿಗೆ ಇಡಬೇಕಾದ ಕೂಲಿಯಾಳು. ಎಲ್ಲ ನಿಜವೇ. ಕಂತಿನ ಮಾತೆತ್ತಲಿಲ್ಲ. ಕಲಿತವರೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಾರೆ ಎಂದೆ. ಹಾಗೆ ಒಬ್ಬಳಿದ್ದಳು, ಒಬ್ಬಳೇ.

ಆದರೂ ಮಾವ ಕರಗಿದರು. "ಓಗ್ಲಿ ಬುಡು, ಒಂದು ಬೆಳೆ ನಂದಲ್ಲ ಅನ್ಕಂಡೇನು. ಓದ್ಕಳ್ಳಿ ಮಗ."

ಅಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. ನೀನು ಹುಳದ ಮನೆಯ ಬಾಗಿಲಲ್ಲಿ ನಿಂತಿರುವುದನ್ನು ನೋಡಿಯೇ, ಕೇಳಿಸುವ ಹಾಗೆ ಅಂದೆ — "ಇವಳ ಮಾರ್ಕ್ಸ್ ಕೇಳಿ ಮೇಡಂ ನಕ್ಬುಟ್ರು ಕಣ್ ಮಾವ. ಇಂಥೋರ ತಲೆಗೆ ಕಂಪ್ಯೂಟ್ರು ಅತ್ತಾಕಿಲ್ಲ ಅಂದ್ರು."

ನೀನು ಒಳಗೆ ಹೋದೆ. ಸೊಪ್ಪು ಹಾಕುವ ಸದ್ದು ಕೇಳಿಸಿತು. ಆ ಸಲದ ಬೆಳೆ ಚೆನ್ನಾಗಿ ಬಂತು. ಆ ದುಡ್ಡಿನಲ್ಲಿ ನನ್ನ ಮಗಳಿಗೆ ಬೆಳ್ಳಿಯ ಕಾಲುಗೆಜ್ಜೆ ಮಾಡಿಸಿದೆ.

ನೀನು ಮತ್ತೆಂದೂ ಓದಿನ ಮಾತೆತ್ತಲಿಲ್ಲ. ಅಜ್ಜೀಪುರಕ್ಕೆ ಮದುವೆ ಮಾಡಿ ಕಳಿಸಿದೆವು. ಯಾರಾದರೂ ಫೋನಿನಲ್ಲಿ ಏನಾದರೂ ತೋರಿಸಲು ಬಂದರೆ, "ಅಯ್ಯೋ, ನನ್ ತಲೆಗೆ ಅವೆಲ್ಲ ಅತ್ತಾಕಿಲ್ಲ" ಅನ್ನುತ್ತೀಯ. ನನ್ನದೇ ಮಾತು, ಈಗ ನಿನ್ನ ಬಾಯಲ್ಲಿ. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಹೋದ ವರ್ಷ ನನ್ನ ಮಗಳನ್ನು ಅದೇ ಕೋರ್ಸಿಗೆ ಸೇರಿಸಲು ಹೊರಟಾಗ ಫೀಸಿನ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ನೀನು ಬಂದೆ. "ಸೋದರತ್ತೆ ನಾನಿಲ್ವಾ? ಇವ್ಳಾರ ಕಲೀಲಿ," ಅಂದೆ. ಕಾಲೇಜಿನ ಗೇಟಿನವರೆಗೂ ಬಂದವಳು ಅಲ್ಲೇ ನಿಂತುಬಿಟ್ಟೆ.

"ನೀವು ಓಗ್ರವ್ವ, ನಾ ಒಳಿಕ್ ಬರಾಕಿಲ್ಲ. ಆ ಮೇಡಂ ಇನ್ನೂ ಇದ್ರೆ? ನನ್ನ ಎಸ್ರು ಗ್ಯಾಪ್ನ ಇದ್ರೆ?"

ಒಮ್ಮೆಯೂ ಕಾಲಿಡದ ಜಾಗಕ್ಕೆ ನೀನು ಹೆದರುತ್ತಿದ್ದೆ. ಅಲ್ಲಿಯೇ, ಆ ಬಿಸಿಲಿನಲ್ಲಿಯೇ ಹೇಳಿಬಿಡಬಹುದಿತ್ತು — ಹೇಳಲಿಲ್ಲ. ಒಳಗೆ ಹೋಗಿ ನಿನ್ನ ದುಡ್ಡು ಕಟ್ಟಿ ಬಂದೆ. ಮಗಳಿಗೆ ಈಗ ಕೆಲಸ ಸಿಕ್ಕಿದೆ. ಮೊದಲ ಸಂಬಳದ ಸೀರೆಯನ್ನು ನಾನೇ ಉಟ್ಟಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಭಾನುವಾರ ಅಜ್ಜೀಪುರಕ್ಕೆ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೆ ಕೂತಿರುತ್ತೇನೆ. ಆಮೇಲೆ ನೀನು ಬೈದರೂ ಸರಿ, ಎದ್ದು ಹೋಗು ಅಂದರೂ ಸರಿ. ಆ ಮೇಡಂ ನಿಜವಾಗಿ ಏನಂದರು ಎಂಬುದು ಮಾತ್ರ ನಿನಗೆ ಗೊತ್ತಾಗಬೇಕು.

ನಿನ್ನ ಅಂಕಪಟ್ಟಿ ನೋಡಿದವರೇ, "ಅರೆ, ಇಂಥ ಹುಡುಗೀನ ಮನೇಲಿ ಕೂರಿಸ್ಕೋತಾರೇನಮ್ಮ? ಹುಳದ ಕೆಲಸ ಮುಗಿಸಿಕೊಂಡೇ ಬರಲಿ, ಸೀಟು ಹಿಡಿದಿಟ್ಟಿರ್ತೀನಿ," ಎಂದರು.

ಎಷ್ಟು ದಿನ ಹಿಡಿದಿಟ್ಟಿದ್ದರೋ, ಮಾದೇವಿ — ನಾನು ವಿಚಾರಿಸಲಿಲ್ಲ.