ಖಂಡೇಪೂಜೆಯ ದಿನ ಬಂದ್ ಆದ ಇನ್‌ಕ್ಯುಬೇಟರ್

ಧಾರವಾಡದ ಪ್ರಯೋಗಾಲಯದಲ್ಲಿ ನಾನು ಮೂರು ವರ್ಷ ಒಂದೇ ಒಂದು ಜೀನಿನ ಬೆನ್ನು ಹತ್ತಿದ್ದೆ. ಬಾಯಿ ಕ್ಯಾನ್ಸರಿನ ಜೀವಕೋಶಗಳಲ್ಲಿ ಅದು ಅತಿಯಾಗಿ ಮೆರೆಯುತ್ತಿತ್ತು. ಅದನ್ನು ಸುಮ್ಮನಾಗಿಸಿದರೆ ಕೋಶಗಳು ಏನು ಮಾಡುತ್ತವೆ ಎಂಬುದು ನನ್ನ ಪ್ರಶ್ನೆ. ಎರಡು ಸಲ ಮುಗ್ಗರಿಸಿದ್ದೆ. "ಈ ಸಲಾನೂ ಆಗಲಿಲ್ಲಂದ್ರ ವಿಷಯಾನ ಬದಲಿ ಮಾಡೂಣು," ಎಂದಿದ್ದರು ನನ್ನ ಗೈಡ್ ಮೇಡಂ. ಅಂದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎರಡು ಸಾವಿರದ ದಶಕದ ನಡುವಿನ ಮಾತು. ವೈರಸ್ಸಿನ ಕೈಯಿಂದ ಜೀನಿನ ಬಾಯಿ ಮುಚ್ಚಿಸುವ ತಂತ್ರ ಆಗಷ್ಟೇ ನಮ್ಮ ಕಡೆ ಬಂದಿತ್ತು. ರೋಗ ತರುವ ಭಾಗಗಳನ್ನೆಲ್ಲ ಕಿತ್ತುಹಾಕಿದ ವೈರಸ್ಸು; ಕೋಶದೊಳಗೆ ನುಗ್ಗುವ ವಿದ್ಯೆ ಮಾತ್ರ ಉಳಿದಿರುತ್ತದೆ. ಅದರ ಹೊಟ್ಟೆಯಲ್ಲಿ ನಾವಿಟ್ಟ ಪುಟ್ಟ ಆದೇಶ ಒಳಹೊಕ್ಕು, ನಮಗೆ ಬೇಡವಾದ ಜೀನಿನ ಸಂದೇಶವನ್ನು ಹುಡುಕಿ ಕತ್ತರಿಸಿಹಾಕುತ್ತದೆ. ಮೊದಲ ಸಲ ಇದನ್ನು ಓದಿದಾಗ ಬೈರಿದೇವರಕೊಪ್ಪದ ಮನೆಯಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ!

ಬೆಂಗಳೂರಿನಿಂದ ಅಂಥ ವೈರಸ್ಸಿನ ಒಂದೇ ಒಂದು ಸೀಸೆ ಬಂತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ಸಂಜೆ ಅದನ್ನು ಕೋಶಗಳ ಮೇಲೆ ಹಾಕಿದೆ. ಪಕ್ಕದ ತಟ್ಟೆಗೆ, ಹೋಲಿಸಿ ನೋಡಲು, ಅದರ ಜೊತೆಗೇ ಕಳಿಸಿದ್ದ, ಆದೇಶವಿಲ್ಲದ ಬರಿಯ ವೈರಸ್ಸು ಹಾಕಿದೆ. ಎರಡನ್ನೂ ಮೈಬಿಸಿಯಷ್ಟೇ ಬಿಸಿ ಉಳಿಸುವ ಇನ್‌ಕ್ಯುಬೇಟರಿನಲ್ಲಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಯಂತ್ರಗಳಿಗೆಲ್ಲ ವಿಭೂತಿ, ಚೆಂಡುಹೂವು. ಇನ್‌ಕ್ಯುಬೇಟರಿನ ದೀಪ ಆರಿತ್ತು. ಪ್ಲಗ್ ಕಿತ್ತು ನೀಟಾಗಿ ಸುತ್ತಿಟ್ಟಿದ್ದರು ನಮ್ಮ ಅಟೆಂಡರ್ ಕಾಕಾ. ಉಪ್ಪಿನಬೆಟಗೇರಿಯವರು, ಒಕ್ಕಲುತನದ ಮನೆತನ.

"ಇದನ್ಯಾಕ ಬಂದ್ ಮಾಡೀರಿ?" ನಾನು ಚೀರಿಯೇಬಿಟ್ಟೆ.

"ಇವತ್ತ ಯಂತ್ರಕ್ಕ ವಿಶ್ರಾಂತಿ ಅಲ್ರಿ ಅಕ್ಕಾರ. ನಮ್ಮೂರಾಗ ಹೊಲದ ರಂಟಿ, ಕುಂಟಿ ಯಾವುದೂ ಮುಟ್ಟಂಗಿಲ್ರಿ. ಫ್ರೀಜರ್ ಬಂದ್ ಮಾಡಬ್ಯಾಡ ಅಂತ ಹೇಳಿದ್ರಿ, ಮಾಡಿಲ್ರಿ. ಇದರದು ಹೇಳಿರಲಿಲ್ರಿ."

ಖರೇ. ಹೇಳಿರಲಿಲ್ಲ. ಆದರೆ ಸಿಟ್ಟು ಬಂದಾಗ ನ್ಯಾಯ ಯಾರಿಗೆ ಬೇಕು? "ಒಳಗ ಜೀವ ಅದಾವ್ರಿ! ನನ್ನ ಮೂರು ವರ್ಷ ಅದರಾಗ ಅದಾವು!"

ಕಾಕಾನ ಮುಖ ಬಿಳಚಿಕೊಂಡಿತು. "ಜೀವ ಅದಾವಂದ್ರ ಇದು ಯಂತ್ರ ಅಲ್ರಿ, ದನದ ಕೊಟ್ಟಿಗಿ. ಹಬ್ಬ ಅಂತ ದನಕ್ಕ ಮೇವು ಹಾಕೂದು ಬಿಡ್ತಾರೇನ್ರಿ?" ಎಂದು ತಾವೇ ಓಡಿಹೋಗಿ ಪ್ಲಗ್ ಹಾಕಿದರು. ಬಂದ್ ಆಗಿದ್ದು ಎರಡು ತಾಸು. ಬಾಗಿಲು ಮುಚ್ಚಿದ್ದರಿಂದ ಒಳಗೆ ಇನ್ನೂ ಬೆಚ್ಚಗಿತ್ತು. ನಾನು ಮಾತ್ರ ಅವರೊಂದಿಗೆ ಮಾತು ಬಿಟ್ಟೆ.

ಮೂರನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗುರುತಿಗೆಂದು ವೈರಸ್ಸಿನೊಳಗೆ ಹಸಿರು ಹೊಳಪಿನ ಜೀನನ್ನೂ ಇಟ್ಟಿರುತ್ತಾರೆ; ಅದು ಹೊಕ್ಕ ಕೋಶ ಹಸಿರಾಗಿ ಹೊಳೆಯಬೇಕು. ಹೊಳೆದವು! ಒಂದಲ್ಲ, ಹತ್ತಲ್ಲ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಕಾರಿಡಾರಿನ ತುಂಬ ಓಡಿ ಸಿಕ್ಕವರನ್ನೆಲ್ಲ ಎಳೆತಂದು ತೋರಿಸಿದೆ.

ಒಳಹೊಕ್ಕರೆ ಸಾಲದು, ಕೆಲಸ ಆಗಿರಬೇಕು. ಹದಿನೈದನೆಯ ದಿನ, ಎರಡೂ ತಟ್ಟೆಯ ಕೋಶಗಳ ಪ್ರೊಟೀನಿನ ಗುರುತು ಹಿಡಿದ ಫಿಲ್ಮನ್ನು ಡಾರ್ಕ್‌ರೂಮಿನಲ್ಲಿ ತೊಳೆದೆ. ಜೀನ್ ಮಾತಾಡುತ್ತಿದ್ದರೆ ಅದರ ಪ್ರೊಟೀನ್ ಕಪ್ಪು ಪಟ್ಟಿಯಾಗಿ ಮೂಡುತ್ತದೆ. ಬರಿಯ ವೈರಸ್ಸಿನ ಕಡೆ ದಪ್ಪ ಪಟ್ಟಿ. ನನ್ನ ವೈರಸ್ಸಿನ ಕಡೆ ಏನೂ ಇಲ್ಲ! ಕೆಳಗೆ, ಎಲ್ಲ ಕೋಶದಲ್ಲೂ ಇರುವ ಇನ್ನೊಂದು ಪ್ರೊಟೀನು ಎರಡೂ ಕಡೆ ಸಮ. ಕೋಶಗಳು ನೆಟ್ಟಗಿವೆ, ಜೀನ್ ಮಾತ್ರ ಸುಮ್ಮನಾಗಿದೆ. ಒದ್ದೆ ಫಿಲ್ಮ್ ಹಿಡಿದು ಕುಣಿಯುತ್ತ ಹೊರಬಂದೆ.

ಬಾಗಿಲಲ್ಲೇ ಕಾಕಾ ನಿಂತಿದ್ದರು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲಿ ಖಾಲಿ ಬಿದ್ದೈತಲ್ರಿ ಅಕ್ಕಾರ... ನಾನ ಕೆಡಿಸಿಬಿಟ್ಟೆ," ಎಂದರು.

"ಇಲ್ರಿ ಕಾಕಾ! ಆ ಖಾಲಿ ಜಾಗಾನ ನನಗ ಬೇಕಾಗಿತ್ತು!"

ಅವರು ಸ್ಟೂಲ್ ಎಳೆದುಕೊಂಡು ಕುಳಿತರು. "ಹದಿನೈದ ದಿನ ಆತ್ರಿ, ಉಂಡದ್ದು ಮೈಗೆ ಹತ್ತಿಲ್ಲ," ಎಂದರು.

ಹಸಿರು ಕಂಡ ದಿನ ಊರಿಗೆಲ್ಲ ತೋರಿಸಿದ್ದೆ. ಅವರನ್ನು ಮಾತ್ರ ಕರೆದಿರಲಿಲ್ಲ.